ಕೊನೇ ಬೆಂಚಿನಿಂದ ಮಳೆ ಕೇಳಿಸುವುದಿಲ್ಲ

ಮಲಯಾಳಂನಲ್ಲಿ ‘ಸ್ಥಾನಾರ್ಥಿ’ ಅಂದರೆ ಚುನಾವಣೆಗೆ ನಿಂತ ಅಭ್ಯರ್ಥಿ. ತಿರುವನಂತಪುರಕ್ಕೆ ಬಂದು ಮೂರು ವರ್ಷವಾದರೂ ನನ್ನ ಕನ್ನಡದ ಕಿವಿಗೆ ಅದು ‘ನನಗೂ ಒಂದು ಜಾಗ ಕೊಡಿ’ ಅನ್ನುವವನ ಹಾಗೆಯೇ ಕೇಳಿಸುತ್ತದೆ. 2024ರ ನವೆಂಬರ್‌ನಲ್ಲಿ ಬಂದ ‘ಸ್ಥಾನಾರ್ಥಿ ಶ್ರೀಕುಟ್ಟನ್’ ಸಿನಿಮಾ ನೋಡಿದ ಮೇಲೆ ನನ್ನ ಅರ್ಥವೂ ಸರಿಯೇ ಅನ್ನಿಸಿತು.

ಶ್ರೀಕುಟ್ಟ ಏಳನೇ ಕ್ಲಾಸಿನ ಕೊನೇ ಬೆಂಚಿನ ತರಲೆ ಹುಡುಗ. ಯಾವಾಗಲೂ ಫಸ್ಟ್ ಬರುವ ಅಂಬಾಡಿಯ ಎದುರು ಶಾಲೆಯ ಲೀಡರ್ ಚುನಾವಣೆಗೆ ನಿಲ್ಲುತ್ತಾನೆ. ಅಜು ವರ್ಗೀಸ್ ಮಾಡಿರುವ ಮೇಷ್ಟ್ರಿಗೆ ಕೊನೇ ಬೆಂಚಿನವರನ್ನು ಕಂಡರೇ ಆಗದು. ಹೊಟ್ಟೆ ತುಂಬ ನಗಿಸುವ ಚಿತ್ರ.

ನಮ್ಮೂರಿನ ಶಾಲೆಯಲ್ಲಿ ಲೀಡರ್ ಚುನಾವಣೆ ನಾನು ನೋಡಲೇ ಇಲ್ಲ. ಜಾಸ್ತಿ ಮಾರ್ಕ್ಸ್ ತೆಗೆದವನನ್ನು ಮೇಷ್ಟ್ರು ಬೆರಳು ಮಾಡಿ ಕರೆಯುತ್ತಿದ್ದರು. ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವುದೇ ಅವನ ಕೆಲಸ. ಇಲ್ಲಿ ಮಕ್ಕಳು ಪೋಸ್ಟರ್ ಬರೆಯುತ್ತಾರೆ, ಓಟು ಕೇಳುತ್ತಾರೆ. ಸೋತವನಿಗೂ ನಾಲ್ಕು ಓಟು ಬಿದ್ದಿರುತ್ತದೆ ಅಲ್ವಾ? ನನ್ನನ್ನೂ ನಾಲ್ಕು ಜನ ಗುರುತಿಸಿದ್ದಾರೆ ಅನ್ನುವುದು ಮಗುವಿಗೆ ಸಣ್ಣ ಮಾತಲ್ಲ.

ಸಿನಿಮಾದಲ್ಲಿ ಕೊನೇ ಬೆಂಚೇ ಇಲ್ಲದ ಹಾಗೆ ಕೂರಿಸುವ ಮಾತು ಬರುತ್ತದೆ. 2025ರಲ್ಲಿ ಕೊಲ್ಲಂ ಜಿಲ್ಲೆಯ ವಾಳಕದ ಶಾಲೆಯೂ ಸೇರಿದಂತೆ ಕೇರಳದ ಹಲವು ಶಾಲೆಗಳು ಅದನ್ನು ಮಾಡಿಯೇ ತೋರಿಸಿದವು. ಬೆಂಚುಗಳು ಗೋಡೆಗಳ ಪಕ್ಕಕ್ಕೆ ಸರಿದವು, ಟೀಚರ್ ನಡುವೆ ಬಂದರು. ನನ್ನ ಮಗಳ ಕ್ಲಾಸಿನಲ್ಲೂ ಹಾಗೇ ಆಯಿತು.

ಅವಳು ದಾವಣಗೆರೆಯಲ್ಲಿ ಮೂರನೇ ಕ್ಲಾಸು ಮುಗಿಸಿ ಬಂದವಳು. ಒಂದಕ್ಷರ ಮಲಯಾಳಂ ಗೊತ್ತಿರಲಿಲ್ಲ. ಇಲ್ಲಿ ತಡವಾಗಿ ಸೇರಿದ್ದರಿಂದ ಕೊನೇ ಬೆಂಚು ಸಿಕ್ಕಿತು. ಮೊದಲ ತಿಂಗಳು ಶಾಲೆ ಹೇಗಿತ್ತು ಅಂತ ಕೇಳಿದರೆ ಮುಂದಿನ ಹುಡುಗಿಯ ಜಡೆಯ ಬಗ್ಗೆಯೇ ಹೇಳುತ್ತಿದ್ದಳು. ಇವತ್ತು ಬಿಳಿ ರಿಬ್ಬನ್, ಒಂದು ಕಡೆ ಬಿಚ್ಚಿತ್ತು ಅಂತ. ಆ ಹುಡುಗಿಯ ಮುಖ ಹೇಗಿದೆ ಅಂದರೆ ಗೊತ್ತಿಲ್ಲ. ನನಗೆ ಕರುಳು ಚುರ್ ಅಂದಿತ್ತು.

ಆದರೆ ಗುಂಡಗೆ ಕೂರುವುದು ಅವಳಿಗೆ ಹೊಸದೇನಲ್ಲ. ದಾವಣಗೆರೆಯ ಸರ್ಕಾರಿ ಶಾಲೆಯಲ್ಲಿ ಅವಳು ಕಲಿತದ್ದೇ ನಲಿ-ಕಲಿಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು, ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ, ‘ತಟ್ಟೆ’ ಅಂತ ಕರೆಯುವ ಗುಂಪುಗಳಲ್ಲಿ ನೆಲದ ಮೇಲೆ ಸುತ್ತ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಅಲ್ಲಿ ಮುಂದೆ ಯಾರು, ಹಿಂದೆ ಯಾರು?

ನನ್ನ ಬೇಸರ ಇಷ್ಟೇ. ಕೇರಳದವರು ಒಂದು ಸಿನಿಮಾ ನೋಡಿ ಬೆಂಚು ಸರಿಸಿದರು. ನಾವು ಮೂವತ್ತು ವರ್ಷದ ಹಿಂದೆಯೇ ಸರಿಯಾಗಿ ಕೂರಿಸುವುದನ್ನು ಕಲಿತವರು, ನಾಲ್ಕನೇ ಕ್ಲಾಸು ಬಂದ ಕೂಡಲೇ ಅದೇ ಮಕ್ಕಳನ್ನು ಸಾಲಿನಲ್ಲಿ ಜೋಡಿಸಿಬಿಡುತ್ತೇವೆ. ತಮಿಳುನಾಡಿನಲ್ಲೂ ಹೀಗೆ ಕೂರಿಸಲು ಹೊರಟಾಗ, ಪಕ್ಕದಲ್ಲಿ ಕೂತವರಿಗೆ ಬೋರ್ಡಿನ ಕಡೆ ತಿರುಗಿ ಕತ್ತು ನೋಯುತ್ತದೆ ಅಂತ ಆಕ್ಷೇಪ ಬಂತು. ಅದೂ ನಿಜವೇ. ಅರವತ್ತು ಮಕ್ಕಳ ಕೋಣೆಯಲ್ಲಿ ಇದು ಆಗುವ ಮಾತೂ ಅಲ್ಲ. ಅಂಥ ಕಡೆ ವಾರಕ್ಕೊಮ್ಮೆ ಬೆಂಚಾದರೂ ಬದಲಾಗಲಿ.

ಬೆಂಚು ಸರಿದ ವಾರ ಮಗಳು ಮನೆಗೆ ಬಂದು ಬ್ಯಾಗ್ ಕೂಡ ಇಳಿಸದೆ ನನ್ನ ಮುಂದೆ ನಿಂತಳು. “ಅಪ್ಪಾ, ಇಲ್ಲಿ ನೋಡು. ‘ಮೞ’ ಅನ್ನೋವಾಗ ಎಲ್ರೂ ನಾಲಿಗೆ ಹಿಂದಕ್ಕೆ ಮಡಚ್ತಾರೆ. ನಂಗೆ ಇವತ್ತೇ ಕಾಣಿಸಿದ್ದು.” ಮಳೆಗೆ ಇಲ್ಲಿ ಹೇಳುವ ಮಾತು ಅದು. ನಮ್ಮ ಹಳಗನ್ನಡದಲ್ಲೂ ಇದ್ದ ಆ ೞಕಾರವನ್ನು ಅವಳು ಮೂರು ಸಲ ಹೇಳಿ ತೋರಿಸಿದಳು. ಮೂರನೇ ಸಲ ಸರಿಯಾಗಿ ಬಂತು.