ಗುಪ್ತಚರರಿಗೆ ಬಂಧಿಸುವ ಅಧಿಕಾರ ಬೇಕೇ?

ಪರ: ಬೇಕು

2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಮೊದಲು ಕೇಸು ದಾಖಲಿಸಿದ್ದು ನಮ್ಮ ಪೊಲೀಸರು. ಆಮೇಲೆ ತನಿಖೆ ಕೇಂದ್ರದ ಭಯೋತ್ಪಾದನೆ ತನಿಖಾ ಸಂಸ್ಥೆ ಎನ್‌ಐಎ ಕೈಗೆ ಹೋಯಿತು. ಮುಖ್ಯ ಆರೋಪಿಗಳಿಬ್ಬರು ಸಿಕ್ಕಿದ್ದು ಏಪ್ರಿಲ್ 12ಕ್ಕೆ, ಅದೂ ಪಶ್ಚಿಮ ಬಂಗಾಳದಲ್ಲಿ. ಇಂಥವರು ಗಡಿ ನೋಡ್ಕೊಂಡು ಓಡಾಡಲ್ಲ.

ನಮ್ಮ ಗುಪ್ತಚರ ಸಂಸ್ಥೆಗಳಲ್ಲಿ ಹೊರದೇಶದ ಸುಳಿವು ತರುವುದು ರಾ, ಒಳಗಿನದು ಐಬಿ. ಇಬ್ಬರಿಗೂ ಬಂಧಿಸುವ ಅಧಿಕಾರವಿಲ್ಲ. ಸುಳಿವನ್ನು ಪೊಲೀಸರಿಗೆ ದಾಟಿಸಬೇಕು, ಅವರು ಹೋಗಿ ಬಾಗಿಲು ತಟ್ಟಬೇಕು. ಅಷ್ಟರಲ್ಲಿ ಆಸಾಮಿ ಸಿಮ್ ಎಸೆದು ಬಸ್ಸು ಹತ್ತಿರುತ್ತಾನೆ. 2008ರ ಮುಂಬೈ ದಾಳಿಗೆ ಮೊದಲೂ ಸಮುದ್ರದ ಕಡೆಯಿಂದ ಬರಬಹುದು ಎಂಬ ಎಚ್ಚರಿಕೆ ಇತ್ತು. ಆದರೂ 166 ಜನ ಸತ್ತರು. ಸುಳಿವು ಸಿಕ್ಕವರೇ ಹೋಗಿ ಹಿಡಿಯುವಂತಾಗಲಿ.

ವಿರೋಧ: ಬೇಡವೇ ಬೇಡ

ಪೊಲೀಸರ ಕೆಲಸ ಕೊನೆಗೆ ಕೋರ್ಟಿಗೆ ಬಂದು ನಿಲ್ಲುತ್ತದೆ. ಗುಪ್ತಚರರ ಕೆಲಸ ಕೋರ್ಟಿನ ಕಡೆ ತಲೆ ಹಾಕುವುದೇ ಇಲ್ಲ.

ಬೆಂಗಳೂರಿನ ಯಾವುದೋ ಠಾಣೆಯವರು ಒಂದು ಮೊಬೈಲ್ ವಶಕ್ಕೆ ತಗೊಂಡರು ಅಂದುಕೊಳ್ಳಿ. ಪಂಚರನ್ನು, ಅಂದರೆ ಸಾಕ್ಷಿಗಳನ್ನು ಕರೆಸಬೇಕು, ಮಹಜರು ಬರೆಯಬೇಕು, ಬಟ್ಟೆ ಸುತ್ತಿ ಅರಗಿನ ಸೀಲು ಒತ್ತಬೇಕು, ಸಹಿ ಹಾಕಿಸಬೇಕು. ಮುಂದೆ ವಕೀಲರು ಆ ಪಂಚರನ್ನೇ ಕಟಕಟೆಯಲ್ಲಿ ನಿಲ್ಲಿಸಿ, 'ನೀವು ಅಲ್ಲಿದ್ರಾ? ಓದಿ ಸಹಿ ಹಾಕಿದ್ರಾ?' ಎಂದು ಜಾಡಿಸುತ್ತಾರೆ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ರೇಜಿಗೆಯ ಕೆಲಸ, ನಿಜ. ಆದರೆ ತಪ್ಪು ಮನೆಯ ಬಾಗಿಲು ಬಡಿದ ದಿನ ನಮ್ಮನ್ನು ಕಾಯೋದು ಇದೇ ಅಲ್ವಾ?

ಗುಪ್ತಚರರಿಗೆ ಇದು ಆಗದ ಮಾತು. ಸುಳಿವು ಕೊಟ್ಟವನ ಹೆಸರು ಹೊರಬಿದ್ದರೆ ಅವನ ಪ್ರಾಣಕ್ಕೇ ಸಂಚಕಾರ. ಅರೆಬರೆ ಮಾತನ್ನೂ ಅವರು ತಳ್ಳಿಹಾಕುವಂತಿಲ್ಲ. ಅಂಥ ಅನುಮಾನದ ಮೇಲೇ ಯಾರನ್ನೋ ಒಳಗೆ ಹಾಕಿದರೆ, ಮಗ ಎಲ್ಲಿ ಅಂತ ಕೇಳಿಕೊಂಡು ಬಂದ ತಾಯಿಗೆ ಯಾವ ಕಾಗದ ತೋರಿಸ್ತಾರೆ? ಐಬಿಗಾಗಲಿ ರಾಗಾಗಲಿ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆಯೇ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯೂ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆ ಬಿಟ್ಟು ಉಳಿದ ವಿಷಯಗಳಲ್ಲಿ ಇವೆರಡನ್ನೂ ಹೊರಗಿಟ್ಟಿದೆ.

1947ರಲ್ಲಿ ತನ್ನ ಗುಪ್ತಚರ ಸಂಸ್ಥೆ ಸಿಐಎ ಕಟ್ಟುವಾಗಲೇ ಅದಕ್ಕೆ ಪೊಲೀಸ್ ಅಧಿಕಾರ ಕೂಡದು ಎಂದು ಅಮೆರಿಕ ಕಾನೂನಿನಲ್ಲೇ ಬರೆದಿತ್ತು. ಹಾಗಿದ್ದೂ ಅದು ಸ್ವಂತ ದೇಶದವರ ಪತ್ರಗಳನ್ನು ಒಡೆದು ಓದಿದ್ದು 1975ರ ತನಿಖೆಗಳಲ್ಲಿ ಬಯಲಾಯಿತು. ಬಂಧಿಸುವ ಅಧಿಕಾರವೂ ಇದ್ದಿದ್ದರೆ ಏನಾಗುತ್ತಿತ್ತೋ.

ಮುಂಬೈಯಲ್ಲಿ ಎಚ್ಚರಿಕೆ ಬಂದಿತ್ತು, ಹಿಡಿಯುವ ಅಧಿಕಾರ ಪೊಲೀಸರಿಗೂ ಇತ್ತು. ಆಗದೆ ಹೋದದ್ದು ನಡುವಿನ ಕೆಲಸ. ಸುಳಿವು ಹಂಚಿಕೊಳ್ಳಲೆಂದೇ ಐಬಿಯ ಕೆಳಗೆ ಮಲ್ಟಿ ಏಜೆನ್ಸಿ ಸೆಂಟರ್ ಇದೆ. ಅಲ್ಲಿಂದ ಬಂದ ಸುಳಿವು ನಮ್ಮ ಪೊಲೀಸರ ಅಪರಾಧ ವಿಭಾಗವಾದ ಸಿಸಿಬಿಗೂ ಠಾಣೆಗೂ ಅದೇ ದಿನ ಮುಟ್ಟಲಿ, ಯಾರಿಗೆ ಮುಟ್ಟಿತು ಅನ್ನೋದು ಬರಹದಲ್ಲಿ ಇರಲಿ.