ನಾಚಿಕೆಯ ಮೂಳೆ, ಮಾನದ ಬಟ್ಟೆ

ಜರ್ಮನ್ ಆಡುವ ನೆಲಕ್ಕೆ ಬಂದ ಹೊಸತರಲ್ಲಿ, ಬಸುರಿಯಾಗಿದ್ದ ನನ್ನ ಹೆಂಡತಿಯ ಜೊತೆ ವೈದ್ಯೆಯ ಮುಂದೆ ದುಭಾಷಿಯಾಗಿ ಕುಳಿತಿದ್ದೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ, ರಾತ್ರಿ ಮಗ್ಗುಲು ಬದಲಿಸುವಾಗ ಆಕೆಗೆ ತಡೆಯಲಾರದ ನೋವು. "ಕೆಳಗೆ ನೋವು ಅಂತ ಹೇಳಿ" ಎಂದಳು. ನಾನು ಹೊಟ್ಟೆಯ ಕೆಳಭಾಗ ಎಂದು ಹೇಳಿದೆ. ಮೂತ್ರ ಪರೀಕ್ಷೆಯಾಯಿತು, ಗರ್ಭಕೋಶದ ಸ್ಕ್ಯಾನಿಂಗ್ ಆಯಿತು, ಎರಡರಲ್ಲೂ ತೊಂದರೆ ಕಾಣಲಿಲ್ಲ. ಕೊನೆಗೆ ವೈದ್ಯೆ ಕಿಬ್ಬೊಟ್ಟೆಯ ಕೆಳಗಿನ ದಿಬ್ಬದ ನಟ್ಟನಡುವೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದಾಗ, "ಅಲ್ಲೇ, ಅಲ್ಲೇ" ಎಂದು ಅವಳು ಕನ್ನಡದಲ್ಲೇ ಕೂಗಿದಳು. ವೈದ್ಯೆ ಉಚ್ಚರಿಸಿದ ಪದ 'ಶಾಮ್‌ಬೈನ್'. ಮನೆಗೆ ಬಂದು ಅದನ್ನು ಬಿಡಿಸಿ ನೋಡಿದೆ. ಶಾಮ್ ಎಂದರೆ ನಾಚಿಕೆ. ಬೈನ್ ಎಂಬುದಕ್ಕೆ ಇಲ್ಲಿ ಮೂಳೆ ಎಂಬ ಅರ್ಥ.

ನಾಚಿಕೆ ಪಡುವಂಥದ್ದು ಅಲ್ಲಿ ಏನಿದೆ? ಚರ್ಮದ ಕೆಳಗೆ ಕೊಬ್ಬಿನ ಮೆತ್ತೆಯಿದೆ. ಅದರಡಿಯಲ್ಲಿ ಸೊಂಟದ ಮೂಳೆಕಟ್ಟಿನ ಎಡ ಬಲ ತುದಿಗಳು ದೇಹದ ಮುಂಭಾಗದಲ್ಲಿ ಒಂದನ್ನೊಂದು ಎದುರುಗೊಳ್ಳುತ್ತವೆ, ನಡುವೆ ನಾರು ಮತ್ತು ಮೃದ್ವಸ್ಥಿಯಿಂದಾದ (ಮೆದುಮೂಳೆಯಿಂದಾದ) ಬಿಲ್ಲೆಯೊಂದು ಅವನ್ನು ಹಿಡಿದಿಟ್ಟಿರುತ್ತದೆ. ವಯಸ್ಕರಲ್ಲಿ ಆ ಎರಡು ತುದಿಗಳ ನಡುವಿನ ಅಂತರ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್. ಬಸುರಿನಲ್ಲಿ ರಿಲ್ಯಾಕ್ಸಿನ್ ಮೊದಲಾದ ಹಾರ್ಮೋನುಗಳು ಮೂಳೆಗಳನ್ನು ಬಿಗಿದಿಡುವ ಅಸ್ಥಿಬಂಧಗಳನ್ನು ಸಡಿಲಿಸುವುದರಿಂದ ಅದು ಇನ್ನೂ 2-3 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಮಗು ಹೊರಬರುವ ದಾರಿಗಾಗಿ ದೇಹ ಮಾಡಿಕೊಳ್ಳುವ ಈ ಸಿದ್ಧತೆಯೇ ಕೆಲವರಿಗೆ ಹೆಜ್ಜೆ ಹೆಜ್ಜೆಗೂ ನೋವಾಗುತ್ತದೆ. ದಿಬ್ಬ ಗಂಡಸರಿಗೂ ಇದೆ. ಹರೆಯದಲ್ಲಿ ಈಸ್ಟ್ರೋಜನ್ ಪ್ರಭಾವದಿಂದ ಹೆಂಗಸರಲ್ಲಿ ಅಲ್ಲಿ ಕೊಬ್ಬು ಹೆಚ್ಚು ಶೇಖರವಾಗಿ ಉಬ್ಬು ಎದ್ದು ಕಾಣುತ್ತದೆ, ಮುಟ್ಟು ನಿಂತ ಮೇಲೆ ಮತ್ತೆ ತಗ್ಗುತ್ತದೆ. ಕೂಡುವಾಗ ಮೂಳೆಗೆ ಮೂಳೆ ತಾಗದಂತೆ ಕಾಯುವುದು ಈ ಮೆತ್ತೆ. ನನ್ನನ್ನು ಹೆಚ್ಚು ತಟ್ಟಿದ್ದು ಬೇರೊಂದು ಸಂಗತಿ: ಗರ್ಭಕೋಶವನ್ನು ಎರಡೂ ಬದಿಯಿಂದ ಮುಂದಕ್ಕೆ ಹಿಡಿದಿರುವ ದುಂಡನೆಯ ಬಂಧಗಳು ತೊಡೆಸಂದಿನ ಕಾಲುವೆಯನ್ನು ಹಾದು ಬಂದು, ಕೊನೆಗೆ ಈ ದಿಬ್ಬದ ಮತ್ತು ಅದರ ಕೆಳಗಿನ ಹೊರತುಟಿಗಳ ಅಂಗಾಂಶದಲ್ಲಿ ಎಳೆ ಎಳೆಯಾಗಿ ಕರಗಿಹೋಗುತ್ತವೆ. ಒಳಗಿನ ಬಸಿರಿಗೂ ಹೊರಗಿನ ಈ ಉಬ್ಬಿಗೂ ನಿಜವಾಗಿಯೇ ದಾರದ ನಂಟಿದೆ.

ನಾಚಿಕೆಯ ಹೆಸರು ಜರ್ಮನ್ನಿಗೆ ಮಾತ್ರ ಸೇರಿದ್ದಲ್ಲ. ಸ್ವೀಡಿಷ್ ಭಾಷೆಯಲ್ಲೂ ಅದು ನಾಚಿಕೆಯ ಮೂಳೆಯೇ. ಜಪಾನಿನವರು ಮೂಳೆಗೆ 'ಚಿಕೋತ್ಸು' ಎನ್ನುತ್ತಾರೆ, ದಿಬ್ಬಕ್ಕೆ 'ಚಿಕ್ಯೂ' ಎನ್ನುತ್ತಾರೆ. ಎರಡರಲ್ಲೂ ಮೊದಲ ಅಕ್ಷರದ ಅರ್ಥ ಲಜ್ಜೆ. ಹೊರ ಜನನಾಂಗಕ್ಕೆ ಲ್ಯಾಟಿನ್ನಿನಲ್ಲಿ ಬಂದ 'ಪ್ಯುಡೆಂಡಮ್' ಎಂಬುದಕ್ಕೂ ನಾಚಬೇಕಾದದ್ದು ಎಂದೇ ಅರ್ಥ. ಆದರೆ ಅದೇ ಲ್ಯಾಟಿನ್ ಈ ದಿಬ್ಬವನ್ನು ವೀನಸ್ ದೇವಿಯ ಬೆಟ್ಟವೆಂದೂ ಕರೆಯಿತು, ಜರ್ಮನ್ನಿನಲ್ಲೂ ಆ ಹೆಸರು ಬಳಕೆಯಲ್ಲಿದೆ. ಹಾಗಾಗಿ ಒಂದೇ ಭಾಷೆಯ ಜನರಿಗೆ ಮೇಲಿನ ಮೆತ್ತೆ ಪ್ರೇಮದೇವತೆಯದು, ಒಳಗಿನ ಮೂಳೆ ನಾಚಿಕೆಯದು.

ನಮ್ಮ ಕನ್ನಡದ ದಾರಿ ಬೇರೆ. ಗುಹ್ಯ, ಗುಪ್ತಾಂಗ ಎನ್ನುವಾಗ ನಾವು ಬಚ್ಚಿಡುತ್ತೇವೆ; ಮರ್ಮಾಂಗ ಎನ್ನುವಾಗ ಪೆಟ್ಟು ಬೀಳಬಾರದ ಜಾಗವೆಂದು ಎಚ್ಚರಿಸುತ್ತೇವೆ. ಸಂಸ್ಕೃತದಿಂದ ಬಂದ 'ಭಗ' ಶಬ್ದಕ್ಕಂತೂ ಐಶ್ವರ್ಯ, ಸೌಭಾಗ್ಯ ಎಂಬ ಅರ್ಥಗಳೂ ಇವೆ, ಭಗವಂತನ ಹೆಸರಿನಲ್ಲಿರುವುದು ಅದೇ ಶಬ್ದ. ಜಘನವನ್ನು ವರ್ಣಿಸಲು ಹಳೆಯ ಕವಿಗಳು ಹಿಂಜರಿದವರಲ್ಲ. ಈ ಯಾವ ಪದದಲ್ಲೂ ನಾಚಿಕೆಯಿಲ್ಲವಲ್ಲ ಎಂದು ಕೆಲವು ಕಾಲ ನಾನು ಹೆಮ್ಮೆಪಟ್ಟದ್ದುಂಟು. ಆಮೇಲೆ ಹೊಳೆದದ್ದು ನಮ್ಮ 'ಮಾನ'. ಮಾನ ಮುಚ್ಚುವಷ್ಟು ಬಟ್ಟೆ ಎನ್ನುತ್ತೇವಲ್ಲ, ಆಗ ಆ ಬಟ್ಟೆ ಮುಚ್ಚುವುದು ಈ ಜಾಗವನ್ನೇ. ಅವರು ನಾಚಿಕೆಯನ್ನು ಇಟ್ಟ ಕಡೆ ನಾವು ಮರ್ಯಾದೆಯನ್ನು ಇಟ್ಟಿದ್ದೇವೆ. ಕೇಳಲು ಇದು ಉದಾತ್ತವಾಗಿದೆ, ಆದರೆ ಹೆಣ್ಣಿನ ಮೇಲೆ ನಡೆದ ಅತ್ಯಾಚಾರಕ್ಕೆ 'ಮಾನಭಂಗ' ಎಂದು ಬರೆಯುವಾಗ, ತಪ್ಪು ಮಾಡಿದವನ ಮಾನ ಉಳಿದು ನೊಂದವಳ ಮಾನ ಹೋಯಿತೆಂದು ನಾವೇ ತೀರ್ಪು ಕೊಟ್ಟಂತಾಗುತ್ತದೆ. ನಾಚಿಕೆಗಿಂತ ಇದು ಹಗುರವಾದ ಹೊರೆಯೆಂದು ನನಗೆ ಈಗ ಅನ್ನಿಸುವುದಿಲ್ಲ.

ಮನುಷ್ಯ ಮೊದಲಿನಿಂದಲೂ ಹೀಗೆಯೇ ಇದ್ದನೆನ್ನಲು ಆಗದು. ಪ್ರಾಚೀನ ಮೆಸೊಪೊಟೇಮಿಯದ ಸುಮೇರಿಯನ್ನರು ಹೆಣ್ಣು ಎಂದು ಬರೆಯಲು ಬಳಸಿದ ಚಿಹ್ನೆ ಈ ದಿಬ್ಬದ ತ್ರಿಕೋನಾಕಾರದ ರೇಖಾಚಿತ್ರವೇ ಆಗಿತ್ತು. 1908ರಲ್ಲಿ ಆಸ್ಟ್ರಿಯಾದ ವಿಲೆನ್‌ಡಾರ್ಫ್‌ನಲ್ಲಿ ಸಿಕ್ಕ ಶಿಲಾಯುಗದ ಪುಟ್ಟ ಹೆಣ್ಣುಮೂರ್ತಿಗೆ ಮುಖದ ಗುರುತೇ ಇಲ್ಲ, ಆದರೆ ಈ ಭಾಗವನ್ನು ಅಕ್ಕರೆಯಿಂದ ಕೆತ್ತಲಾಗಿದೆ. ಚಾಲುಕ್ಯರ ಕಾಲದ ಶಿಲ್ಪದಲ್ಲಿ ತೊಡೆ ಅಗಲಿಸಿ ಕುಳಿತ, ತಲೆಯ ಜಾಗದಲ್ಲಿ ತಾವರೆಯಿರುವ ದೇವಿ ಯಾವುದನ್ನೂ ಮರೆಮಾಡುವುದಿಲ್ಲ. ಲಜ್ಜೆ ಇರುವುದು ನಂತರದವರು ಕರೆದ 'ಲಜ್ಜಾಗೌರಿ' ಎಂಬ ಹೆಸರಿನಲ್ಲಿ. ಯುರೋಪಿನಲ್ಲಿ ಮಾತ್ರ ಶತಮಾನಗಳ ಕಾಲ ಒಂದು ಇಬ್ಬಗೆ ನಡೆಯಿತು. 1504ರಲ್ಲಿ ಮುಗಿದ ಮೈಕೆಲ್ಯಾಂಜೆಲೊನ ಡೇವಿಡ್ ಪ್ರತಿಮೆಗೆ ಈ ಜಾಗದಲ್ಲಿ ಸುರುಳಿ ಸುರುಳಿಯಾದ ಕೂದಲುಂಟು, ವೀನಸ್ ಪ್ರತಿಮೆಗಳ ದಿಬ್ಬ ಮಾತ್ರ ನುಣ್ಣಗಿನ ಅಮೃತಶಿಲೆ. 1917ರಲ್ಲಿ ಪ್ಯಾರಿಸ್ಸಿನಲ್ಲಿ ಇಟಲಿಯ ಚಿತ್ರಕಾರ ಮೋದಿಲ್ಯಾನಿಯ ಚಿತ್ರಪ್ರದರ್ಶನಕ್ಕೆ ಪೊಲೀಸರು ಅಡ್ಡಬಂದದ್ದು ಅವನ ಚಿತ್ರಗಳ ಹೆಂಗಸರಿಗೆ ಅಲ್ಲಿ ಕೂದಲಿದ್ದ ಕಾರಣಕ್ಕೆ.

ಅದೇ ಕೂದಲನ್ನು ಕೊಳೆಯೆಂದು ತಿಳಿದು ಹೆರಿಗೆಗೆ ಮುನ್ನ ಬೋಳಿಸುವ ರೂಢಿ ಆಸ್ಪತ್ರೆಗಳಲ್ಲಿ ಬಹುಕಾಲ ಇತ್ತು. ಅದರಿಂದ ಸೋಂಕು ತಪ್ಪುತ್ತದೆಂಬುದಕ್ಕೆ ಆಧಾರ ಸಿಗದೆ, ಸಹಜ ಹೆರಿಗೆಗೆ ಮುನ್ನ ವಾಡಿಕೆಯಾಗಿ ಬೋಳಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬ್ಲೇಡು ಮಾಡುವ ಕಣ್ಣಿಗೆ ಕಾಣದ ಗಾಯಗಳು, ಒಳಮುಖವಾಗಿ ಬೆಳೆದು ಕೀವಾಗುವ ಕೂದಲು, ಇವನ್ನು ಅನುಭವಿಸಿದವರಿಗೆ ಬೇರೆ ವಿವರಣೆ ಬೇಡ. ತೆಗೆಯುವುದೂ ಬಿಡುವುದೂ ಅವರವರ ಇಷ್ಟ, ಆದರೆ ಶುಚಿಯ ಹೆಸರಿನಲ್ಲಿ ಯಾರೂ ಯಾರನ್ನೂ ಒತ್ತಾಯಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ಬಸುರಿನಲ್ಲಿ ಅದೇ ನೋವು ಮರುಕಳಿಸಿತು. ಅಷ್ಟರಲ್ಲಿ ಹೆಂಡತಿಗೆ ಭಾಷೆ ಬಂದಿತ್ತು, ಆದರೂ ಮನೆಯಲ್ಲಿ ಮೊದಲು ನನಗೆ ಕನ್ನಡದಲ್ಲೇ ಹೇಳಿದಳು: "ಕಿಬ್ಬೊಟ್ಟೆ ಕೆಳಗಿನ ದಿಬ್ಬ ಇದೆಯಲ್ಲ, ಅದರೊಳಗೆ ಮೂಳೆ ಕೂಡೋ ಸಂದಿನಲ್ಲಿ ನೋವು ಕಣ್ರೀ." ಪಕ್ಕದಲ್ಲಿ ಕುಳಿತು ಬಣ್ಣ ಹಚ್ಚುತ್ತಿದ್ದ ದೊಡ್ಡ ಮಗಳು ತಲೆಯೆತ್ತಿ ಕೇಳಿಸಿಕೊಂಡು, ಅಮ್ಮನ ಸೊಂಟದ ಹಿಂದಕ್ಕೆ ದಿಂಬೊಂದನ್ನು ತಂದಿಟ್ಟಳು.