ಗೋಡೆಗೆ ಮೊಳೆ ಹೊಡೆಯಲೂ ಸಮಿತಿಯನ್ನು ಕೇಳಬೇಕೇ?

ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಕಟ್ಟಡಗಳ ಹೊರಗೆ ಏನೇ ಬದಲಾವಣೆ ಮಾಡುವುದಿದ್ದರೂ, ಅದು ಬಣ್ಣವಿರಲಿ, ಕಿಟಕಿಯಿರಲಿ, ಬೋರ್ಡ್ ಇರಲಿ, ಮೊದಲು ವಿನ್ಯಾಸ ಸಮಿತಿಯ ಒಪ್ಪಿಗೆ ಪಡೆಯಬೇಕೇ?

ಪರ: ಕೇಳಿದರೆ ಯಾರ ಗಂಟೇನು ಹೋಗುತ್ತದೆ?

ಮೊದಲೇ ಹೇಳಿಬಿಡುತ್ತೇನೆ. ನಾನು ಮೂರು ವರ್ಷ ಇಂಥದೊಂದು ಸಮಿತಿಯಲ್ಲಿ ಕೂತಿದ್ದೆ. ಅದಕ್ಕೇ ಈ ಕಡೆಯಿಂದ ಬರೆಯಿರಿ ಅಂದರು. ಆ ಮೂರು ವರ್ಷದಲ್ಲಿ ನಾನು ಆಕಳಿಸಿದ್ದೇ ಜಾಸ್ತಿ. ಆದರೂ ಸಮಿತಿ ಬೇಕು.

ಕ್ಯಾಂಪಸ್ ಒಂದೇ ದಿನದಲ್ಲಿ ಕೆಡುವುದಿಲ್ಲ. ಒಂದು ವಿಭಾಗ ಎಸಿ ಹಾಕಿಸುತ್ತದೆ, ಹೊರಗಿನ ಯೂನಿಟ್ಟನ್ನು ಎದುರಿನ ಗೋಡೆಗೇ ಜಡಿಯುತ್ತಾರೆ. ಅದನ್ನು ನೋಡಿ ಪಕ್ಕದ ವಿಭಾಗದವರೂ ಜಡಿಯುತ್ತಾರೆ. ಆಮೇಲೆ ಕೇಬಲ್ಲು, ಪೈಪು, ಬಾಗಿಲ ಮುಂದೊಂದು ತಗಡಿನ ಶೀಟು. ಕೇಳಿದರೆ ಯಾರದ್ದೂ ತಪ್ಪಿಲ್ಲ.

ನಾನು ಸಮಿತಿ ಸೇರುವ ಮೊದಲು ನಡೆದದ್ದು ಒಂದಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಇಟ್ಟಿಗೆ ಗೋಡೆ. ಸಂದುಗಳಲ್ಲಿ ಗಾರೆ ಉದುರಿದೆ ಅಂತ ಯಾರೋ ಸಿಮೆಂಟ್ ತುಂಬಿಸಿದ್ದರು. ಗಟ್ಟಿ ಆಯ್ತಲ್ಲ ಅಂತ ಖುಷಿ. ಆದರೆ ಸುಣ್ಣದ ಸಂದಿನ ಮೂಲಕ ಗೋಡೆಯ ತೇವ ಹೊರಗೆ ಬಂದು ಆರುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಆಗ ತೇವ ಇಟ್ಟಿಗೆಯ ಮೂಲಕವೇ ಹೊರಬರಬೇಕು. ನಾನು ನೋಡುವ ಹೊತ್ತಿಗೆ ಇಟ್ಟಿಗೆಗಳು ಉಪ್ಪು ಬಿಟ್ಟಿದ್ದವು. ಬೆರಳಿಂದ ಒತ್ತಿದರೆ ಚಕ್ಕೆ ಚಕ್ಕೆಯಾಗಿ ಕಳಚುತ್ತಿದ್ದವು. ಇಟ್ಟಿಗೆ ಸವೆದು ಒಳಗೆ ಹೋಗಿ, ಸಿಮೆಂಟಿನ ಗೆರೆಗಳು ಮಾತ್ರ ಬಲೆಯ ಹಾಗೆ ಮುಂದೆ ಚಾಚಿಕೊಂಡಿದ್ದವು. ಹಳೇ ಕಟ್ಟಡದ ಕೆಲಸ ಗೊತ್ತಿರುವ ಒಬ್ಬರು ಸಮಿತಿಯಲ್ಲಿ ಇದ್ದಿದ್ದರೆ ಐದು ನಿಮಿಷದಲ್ಲಿ ಬೇಡ ಅನ್ನುತ್ತಿದ್ದರು.

ದೊಡ್ಡ ಉದಾಹರಣೆ ಬೇಕಾ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕ್ಯಾಂಪಸ್ಸಿನಲ್ಲಿ ಸುಮಾರು 4,500 ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಕಟ್ಟಲು ಹೊರಟಿದ್ದರು. ದುಡ್ಡು ಕೊಡುತ್ತೇನೆ ಅಂದವರು ಭಾರೀ ಶ್ರೀಮಂತ ಚಾರ್ಲಿ ಮಂಗರ್. ಆದರೆ ತಾನು ಹೇಳಿದ ಹಾಗೇ ಕಟ್ಟಬೇಕು ಅನ್ನುವುದು ಅವರ ಷರತ್ತು. ಆ ನಕ್ಷೆಯಲ್ಲಿ ನೂರಕ್ಕೆ 94 ಮಲಗುವ ಕೋಣೆಗಳಿಗೆ ಕಿಟಕಿಯೇ ಇರಲಿಲ್ಲ. ವಿನ್ಯಾಸ ಪರಿಶೀಲನಾ ಸಮಿತಿಯಲ್ಲಿದ್ದ ವಾಸ್ತುಶಿಲ್ಪಿ ಡೆನಿಸ್ ಮೆಕ್‌ಫ್ಯಾಡನ್ 2021ರಲ್ಲಿ ರಾಜೀನಾಮೆ ಬಿಸಾಕಿದರು. ಅವರ ಪತ್ರ ಹೊರಬಿದ್ದು ಗಲಾಟೆ ಎದ್ದಿತು. 2023ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು.

ಅಹಮದಾಬಾದಿನ ಐಐಎಂ ಕಥೆಯೂ ಗೊತ್ತಿರುವುದೇ. ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಲೂಯಿ ಕಾನ್ ವಿನ್ಯಾಸ ಮಾಡಿದ 18 ಹಾಸ್ಟೆಲ್‌ಗಳಲ್ಲಿ 14 ಕೆಡವುತ್ತೇವೆ ಅಂತ 2020ರ ಡಿಸೆಂಬರಿನಲ್ಲಿ ಹೊರಟರು. ಎಲ್ಲ ಕಡೆಯಿಂದ ಬೈಸಿಕೊಂಡು 2021ರ ಜನವರಿ 1ಕ್ಕೆ ಹಿಂದೆ ಸರಿದರು. ಮೊದಲೇ ನಾಲ್ಕು ಜನರ ಮುಂದಿಟ್ಟು ಕೇಳಿದ್ದರೆ ಅಷ್ಟು ಮುಜುಗರ ಇರುತ್ತಿರಲಿಲ್ಲ, ಅಲ್ವಾ?

ತಡ ಆಗುತ್ತದೆ ಅನ್ನುವವರಿಗೆ ಎಲ್ಲವೂ ನಿನ್ನೆಯೇ ಆಗಿರಬೇಕು. ಐವತ್ತು ವರ್ಷ ನಿಲ್ಲುವ ಕಟ್ಟಡಕ್ಕೆ ಒಂದು ತಿಂಗಳು ಕಾಯಲಿ ಬಿಡಿ. ಕಸದ ಡಬ್ಬಿಗೆ ಯಾವ ಹಸಿರು ಅಂತ ನಾವು ಒಂದಿಡೀ ಮಧ್ಯಾಹ್ನ ಚರ್ಚೆ ಮಾಡಿದ್ದೂ ಉಂಟು. ಅದನ್ನು ಇಲ್ಲಿ ಬರೆಯಬಾರದಿತ್ತೇನೋ.

ವಿರೋಧ: ಏಳು ಮೀಟರ್ ರ‍್ಯಾಂಪಿಗೆ ಹದಿನಾಲ್ಕು ತಿಂಗಳು

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ವಿನ್ಯಾಸ, ಸೌಂದರ್ಯ ಇವೆಲ್ಲ ನನಗೆ ಅಷ್ಟಾಗಿ ಗೊತ್ತಿಲ್ಲ. ಮೆಟ್ಟಿಲು ಗೊತ್ತು.

ನಮ್ಮ ಬಾಗಿಲ ಮುಂದೆ ನಾಲ್ಕು ಮೆಟ್ಟಿಲು. ಒಂದೊಂದು 15 ಸೆಂಟಿಮೀಟರ್, ಒಟ್ಟು 60. ಗಾಲಿಕುರ್ಚಿ ಹತ್ತಬೇಕಾದರೆ ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ ಬೇಕು. ಅಂದರೆ ಏಳು ಮೀಟರ್ ಇಪ್ಪತ್ತು ಸೆಂಟಿಮೀಟರ್. ಬಾಗಿಲ ಎಡಕ್ಕೆ ಅಷ್ಟು ಜಾಗ ಸುಮ್ನೆ ಬಿದ್ದಿತ್ತು. ಮೇಸ್ತ್ರಿ ಬಂದು ಅಳತೆ ತಗೊಂಡು, ಮೂರು ವಾರದ ಕೆಲಸ ಅಂದ.

ಆಮೇಲೆ ಕಡತ ಸಮಿತಿಗೆ ಹೋಯಿತು.

ಮೊದಲ ಸಭೆಯಲ್ಲಿ, ಎಡಕ್ಕೆ ರ‍್ಯಾಂಪ್ ಬಂದರೆ ಕಟ್ಟಡದ ಮುಖ ಸೊಟ್ಟ ಕಾಣುತ್ತದೆ ಅಂದರು. ಬಲಕ್ಕೂ ಏನಾದರೂ ಬರಬೇಕಂತೆ. ಎರಡನೆಯ ಸಭೆಯಲ್ಲಿ, ಹಿಂದುಗಡೆ ಮಾಡಿ ಅಂದರು. ಹಿಂದೆ ಇರುವುದು ಜನರೇಟರ್ ಮತ್ತು ಕಸದ ತೊಟ್ಟಿ. ಮೂರನೆಯದರಲ್ಲಿ ಕಂಬಿಯ ವಿಷಯ: ಸ್ಟೀಲ್ ಹೊಳೆಯುತ್ತದೆ, ಬೇರೆ ಸ್ಯಾಂಪಲ್ ತನ್ನಿ. ತಂದೆವು. ಅವತ್ತು ಇಬ್ಬರು ಸದಸ್ಯರು ರಜೆ, ಸಭೆ ನಡೆಸಲು ಬೇಕಾದಷ್ಟು ಜನ (ಕೋರಂ) ಇಲ್ಲ.

ಅಷ್ಟರಲ್ಲಿ ಎಂಎ ಓದುವ ಹುಡುಗಿಯೊಬ್ಬಳು ಗಾಲಿಕುರ್ಚಿಯಲ್ಲಿ ಬರುತ್ತಿದ್ದಳು. ನಮ್ಮ ಅಟೆಂಡರ್ ಮೆಟ್ಟಿಲ ಮೇಲೆ ಒಂದು ಹಲಗೆ ಹಾಸುತ್ತಿದ್ದ. ಆರಡಿ ಹಲಗೆ, ಗೋಡೆಗೆ ಒರಗಿಸಿದ ಏಣಿಯ ಹಾಗೆ ಕಡಿದು. ಹಿಂದಿನಿಂದ ಇಬ್ಬರು ತಳ್ಳಬೇಕು, ಮುಂದಿನಿಂದ ಒಬ್ಬರು ಹಿಡಿಯಬೇಕು. ಮಳೆ ಬಂದರೆ ಹಲಗೆ ಜಾರುತ್ತದೆ. ಆಗ ಅವಳು ಕೆಳಗಿನಿಂದಲೇ ನನಗೆ ಫೋನ್ ಮಾಡುತ್ತಿದ್ದಳು. ಬೇಕಾದ ಪುಸ್ತಕ ಹೇಳುತ್ತಿದ್ದಳು, ನಾನು ತಂದು ಕೊಡುತ್ತಿದ್ದೆ. ಒಂದು ದಿನ ಹೇಳಿದಳು, "ಹೆಸರು ಗೊತ್ತಿರೋ ಪುಸ್ತಕ ಸಿಗುತ್ತೆ ಮೇಡಂ. ಅದರ ಪಕ್ಕದಲ್ಲಿ ಏನಿದೆ ಅಂತ ಮಾತ್ರ ಗೊತ್ತಾಗಲ್ಲ."

ಗ್ರಂಥಾಲಯದಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ನನಗೇ ಅದು ಹೊಳೆದಿರಲಿಲ್ಲ. ಕಪಾಟಿನ ಮುಂದೆ ಸುಮ್ನೆ ನಿಂತು, ಹುಡುಕಿಕೊಂಡು ಬಂದದ್ದನ್ನು ಬಿಟ್ಟು ಬೇರೇನೋ ಎತ್ತಿಕೊಳ್ಳುವುದಿದೆಯಲ್ಲ, ಅವಳಿಗೆ ಅದು ಮಳೆಗಾಲ ಪೂರ್ತಿ ಇರಲಿಲ್ಲ. ಕಂಬಿಯ ಹೊಳಪಿನ ಬಗ್ಗೆ ಮಾತಾಡಿದವರಲ್ಲಿ ಒಬ್ಬರೂ ಬಂದು ಆ ಹಲಗೆ ನೋಡಲಿಲ್ಲ.

ಪರ ಬರೆಯುವವರು ಸಾಂತಾ ಬಾರ್ಬರಾ ಕಥೆ ಹೇಳೇ ಹೇಳುತ್ತಾರೆ. ಆ ರಾಜೀನಾಮೆ ಪತ್ರ ಓದಿದ್ದಾರಾ? ವಿನ್ಯಾಸ ಪೂರ್ತಿ ಮುಗಿದಿದೆ ಅಂತ ಸಮಿತಿಯ ಮುಂದಿಟ್ಟರು, ಒಪ್ಪಿಗೆ ಕೇಳಲಿಲ್ಲ, ಮತಕ್ಕೂ ಹಾಕಲಿಲ್ಲ ಅಂತ ಅದರಲ್ಲೇ ಇದೆ. ದೊಡ್ಡ ದುಡ್ಡು ಬಂದರೆ ಸಮಿತಿಗೆ ಸುಮ್ನೆ ತೋರಿಸಿಕೊಂಡು ಹೋಗುತ್ತಾರೆ. ನಮ್ಮ ರ‍್ಯಾಂಪಿನಂಥದ್ದು ಬಂದಾಗ ಮಾತ್ರ ಅದಕ್ಕೆ ಹಲ್ಲು ಮೂಡುತ್ತದೆ.

ಇನ್ನು ಚಂದದ ಮಾತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸ್ಟಾಟಾ ಸೆಂಟರ್ ಕಟ್ಟಡ ನೋಡಿ. ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ವಿನ್ಯಾಸ, 2004ರಲ್ಲಿ ತೆರೆಯಿತು, ಜಗತ್ತೇ ಫೋಟೋ ತೆಗೆಯಿತು. 2007ರಲ್ಲಿ ಸೋರುತ್ತಿದೆ, ಬಿರುಕು ಬಿಟ್ಟಿದೆ ಅಂತ ಎಂಐಟಿಯೇ ಕೇಸು ಹಾಕಿತು. ನನ್ನ ಕೇಳಿದರೆ, ನಲ್ಲಿ ಪ್ಲಂಬರಿಗೆ, ಗಾರೆ ಮೇಸ್ತ್ರಿಗೆ, ಸುರಕ್ಷತೆ ಎಂಜಿನಿಯರಿಗೆ ಬಿಡಿ. ಉಳಿದವರು ಕಾಫಿ ಕುಡಿದು ಮನೆಗೆ ಹೋಗಲಿ.

ರ‍್ಯಾಂಪ್ ಈಗ ಆಗಿದೆ, ಎಡಕ್ಕೇ. ಕಂಬಿಗೆ ಹೊಳೆಯದ ಕಪ್ಪು ಬಣ್ಣ. ನೋಡಲು ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಆ ಹುಡುಗಿಯ ಕೋರ್ಸ್ ಅದಕ್ಕಿಂತ ಮೊದಲೇ ಮುಗಿದಿತ್ತು. ಮಳೆಗೆ ನೆನೆಯದ ಹಾಗೆ ರ‍್ಯಾಂಪಿಗೊಂದು ಚಾವಣಿ ಬೇಕು ಅಂತ ಹೋದ ತಿಂಗಳು ಅರ್ಜಿ ಕೊಟ್ಟೆವು. ಚಾವಣಿಯ ಬಣ್ಣ ಯಾವುದು ಅಂತ ಕೇಳಿ ವಾಪಸ್ ಬಂದಿದೆ.